ಪತ್ತಿಗೆ ಅಂಕ ಬೀಳುವ ಬಗೆ

ಕನ್ನಡದ ‘ಪತ್ತು’ ಎಂಬ ಮಾತಿನಲ್ಲಿ ನಂಬಿಕೆ ಎಂಬ ಅರ್ಥವೂ ಸಾಲ ಎಂಬ ಅರ್ಥವೂ ಬೇರ್ಪಡಿಸಲಾಗದಂತೆ ಬೆರೆತಿವೆ. ಊರಿನ ಸೊಸೈಟಿಯ ಫಲಕದ ಮೇಲೆ ‘ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ’ ಎಂದು ಬರೆದಿರುವುದನ್ನು ನೋಡಿದವರು ಅದನ್ನು ಬೆಳೆಸಾಲ ಕೊಡುವ ಜಾಗವೆಂದಷ್ಟೇ ತಿಳಿಯುತ್ತಾರಾದರೂ, ನೆರೆಯ ಮರಾಠಿಯಲ್ಲಿ ‘ಪತ’ ಎಂದರೆ ಮನುಷ್ಯನಿಗೆ ಪೇಟೆಯಲ್ಲಿ ಇರುವ ಮರ್ಯಾದೆ ಎಂಬುದನ್ನು ನೆನೆದರೆ ಫಲಕದ ಅರ್ಥ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಸಾಲ ಹುಟ್ಟುವುದು ಹಣದ ಪೆಟ್ಟಿಗೆಯಲ್ಲಿ ಅಲ್ಲ, ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಇರುವ ತಿಳಿವಳಿಕೆಯಲ್ಲಿ. ಈ ತಿಳಿವಳಿಕೆಯನ್ನು ಎಣಿಸಿ, ಕೂಡಿಸಿ, ಒಂದು ಸಂಖ್ಯೆಯಾಗಿ ಬರೆದಿಟ್ಟಾಗ ಅದು ‘ಅಂಕ’ವಾಗುತ್ತದೆ. ಇಂಥ ಅಂಕವನ್ನು ಯಾರು ಕೊಡುತ್ತಾರೆ, ಯಾವುದನ್ನು ನೋಡಿ ಕೊಡುತ್ತಾರೆ, ಅದು ಯಾವ ಬಾಗಿಲನ್ನು ತೆರೆಯುತ್ತದೆ ಎಂಬ ವಿಚಾರವನ್ನು ಬಳ್ಳಾರಿ ಜಿಲ್ಲೆಯ ಕುರುಗೋಡಿನಂಥ ಊರಿನಲ್ಲಿ ನಿಂತು ನೋಡಿದರೆ ವಿಷಯ ಚೆನ್ನಾಗಿ ಕಾಣುತ್ತದೆ. ಏಕೆಂದರೆ ಅಲ್ಲಿ ಪತ್ತನ್ನು ಅಳೆಯುವ ಹಳೆಯ ಬಗೆ, ನಡುಗಾಲದ ಬಗೆ, ಹೊಸ ಬಗೆ ಮೂರೂ ಈಗ ಒಂದೇ ಹೊತ್ತಿಗೆ ನಡೆದಿವೆ.

ಕೆಲವೇ ವರ್ಷಗಳ ಹಿಂದೆ ತಾಲ್ಲೂಕು ಕೇಂದ್ರವಾದ ಕುರುಗೋಡು, ತುಂಗಭದ್ರಾ ಕಾಲುವೆಯ ನೀರನ್ನು ನೆಚ್ಚಿದ ಸೀಮೆ. ಭತ್ತ, ಮೆಣಸಿನಕಾಯಿ, ಹತ್ತಿ ಇಲ್ಲಿನ ಮುಖ್ಯ ಬೆಳೆಗಳು. ಮೆಣಸಿನಕಾಯಿ ಖರ್ಚಿನ ಬೆಳೆ. ಸಸಿ, ಗೊಬ್ಬರ, ಔಷಧಿ, ಬಿಡಿಸುವ ಕೂಲಿ ಎಂದು ತಿಂಗಳುಗಟ್ಟಲೆ ಹಣ ಸುರಿದ ಮೇಲೆ, ಫಸಲು ಬ್ಯಾಡಗಿಯಂಥ ದೂರದ ಮಾರುಕಟ್ಟೆಗೆ ಹೋಗಿ ಮಾರಾಟವಾದ ನಂತರವೇ ಕೈಗೆ ದುಡ್ಡು ಬರುವುದು. ಈ ಅಂತರವನ್ನು ತುಂಬುವುದೇ ಉದ್ರಿ. ಗೊಬ್ಬರದ ಅಂಗಡಿಯವರು ರೈತರಿಗೆ ಉದ್ರಿ ಕೊಡುವಾಗ ಯಾವ ಅರ್ಜಿಯನ್ನೂ ತುಂಬಿಸಿಕೊಳ್ಳುವುದಿಲ್ಲ. ಹೊಲ ಕಾಲುವೆಯ ಮೇಲ್ಭಾಗದಲ್ಲಿದೆಯೋ ಕೊನೆಯ ಭಾಗದಲ್ಲಿದೆಯೋ, ಹೋದ ವರ್ಷ ಲೆಕ್ಕ ಚುಕ್ತಾ ಆಗಿತ್ತೋ ಇಲ್ಲವೋ, ಮನೆಯಲ್ಲಿ ಮದುವೆ ಇದೆಯೋ ಎಂಬುದೆಲ್ಲ ಅಂಗಡಿಯವರಿಗೆ ಗೊತ್ತಿರುತ್ತದೆ, ಗೊತ್ತಿಲ್ಲದಿದ್ದರೆ ಪಕ್ಕದಲ್ಲಿ ಕೂತವರು ಹೇಳುತ್ತಾರೆ. ಈ ಪದ್ಧತಿಯಲ್ಲಿ ಅಂಕವಿಲ್ಲ, ಆದರೆ ಲೆಕ್ಕಾಚಾರ ಖಂಡಿತ ಇದೆ. ಇದರ ದೋಷವೂ ಅಷ್ಟೇ ಸ್ಪಷ್ಟ: ಒಬ್ಬ ಅಂಗಡಿಯವರ ಬಳಿ ಗಳಿಸಿದ ಪತ್ತು ಇನ್ನೊಬ್ಬರ ಬಳಿ ನಡೆಯುವುದಿಲ್ಲ, ಹಾಗಾಗಿ ಬಡ್ಡಿ ಹೆಚ್ಚೆನಿಸಿದರೂ ರೈತರು ಆ ಅಂಗಡಿಯನ್ನು ಬಿಟ್ಟುಹೋಗುವಂತಿಲ್ಲ. ಇದಲ್ಲದೆ ಜಾತಿ, ಕೇರಿ, ಹೆಣ್ಣು-ಗಂಡು ಎಂಬ ಭೇದಗಳು ಈ ‘ಗೊತ್ತಿರುವಿಕೆ’ಯೊಳಗೆ ಸದ್ದಿಲ್ಲದೆ ಕೂತು ಕೆಲಸ ಮಾಡುತ್ತವೆ, ಹಳ್ಳಿಯ ಪರಸ್ಪರ ನಂಬಿಕೆಯನ್ನು ಹಾಡಿ ಹೊಗಳುವವರು ಈ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಊರವರ ಈ ತಿಳಿವಳಿಕೆಯನ್ನು ಅಂಗಡಿಯ ಹಿಡಿತದಿಂದ ಬಿಡಿಸಿ ಊರವರಿಗೇ ಒಪ್ಪಿಸುವ ಮೊದಲ ದೊಡ್ಡ ಪ್ರಯತ್ನ ಸಹಕಾರ ಸಂಘ. ಆಗ ಬಳ್ಳಾರಿಯನ್ನೂ ಒಳಗೊಂಡಿದ್ದ ಮದ್ರಾಸ್ ಪ್ರಾಂತದಲ್ಲಿ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿ 1890ರ ದಶಕದಲ್ಲಿ ಜರ್ಮನಿಯ ಗ್ರಾಮೀಣ ಸಾಲ ಸಂಘಗಳನ್ನು ಕುರಿತು ವರದಿ ಬರೆದ ಮೇಲೆ, 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದಿತು. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘವೊಂದು ಹುಟ್ಟಿತು. ಆ ಕಾಯ್ದೆಯ ಪ್ರಕಾರ ಗ್ರಾಮೀಣ ಸಂಘಗಳ ಹೊಣೆ ‘ಅಪರಿಮಿತ’ವಾಗಿತ್ತು, ಎಂದರೆ ಒಬ್ಬ ಸದಸ್ಯ ತೀರಿಸದೆ ಉಳಿಸಿದ ಸಾಲಕ್ಕೆ ಉಳಿದ ಸದಸ್ಯರ ಆಸ್ತಿಯೂ ಬಾಧ್ಯವಾಗುತ್ತಿತ್ತು. ನೆರೆಯವನ ನಡತೆಯ ಬಗ್ಗೆ ಹುಸಿ ಸಾಕ್ಷಿ ಹೇಳಿದರೆ ತನ್ನ ಹೊಲಕ್ಕೇ ಕುತ್ತು ಬರುವಂತಿದ್ದ ಈ ಏರ್ಪಾಡು, ಪತ್ತಿನ ಮಾಪನದಲ್ಲಿ ಒಂದು ಮುಖ್ಯ ತತ್ವವನ್ನು ನೆಲೆಗೊಳಿಸಿತು: ಇನ್ನೊಬ್ಬರಿಗೆ ಅಂಕ ಕೊಡುವವರು ಆ ಅಂಕಕ್ಕೆ ತಾವೂ ಹೊಣೆಯಾಗಿರಬೇಕು.

ಈ ತತ್ವಕ್ಕೆ ಹೊಸ ರೂಪ ಬಂದದ್ದು ಕರ್ನಾಟಕದಲ್ಲೇ. 1980ರ ದಶಕದ ನಡುವಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ನೆರವಾಗಿದ್ದ ದೊಡ್ಡ ಸಹಕಾರ ಸಂಘ ಒಡೆದು, ಪರಸ್ಪರ ನಂಬುಗೆಯಿದ್ದವರು ಚಿಕ್ಕ ಚಿಕ್ಕ ಗುಂಪುಗಳಾಗಿ ಕೂಡಿಕೊಂಡರು. ಯಾರನ್ನು ಸೇರಿಸಬೇಕು, ಯಾರಿಗೆ ಮೊದಲು ಸಾಲ ಕೊಡಬೇಕು ಎಂಬುದನ್ನು ಆ ಗುಂಪುಗಳೇ ನಿರ್ಧರಿಸತೊಡಗಿದವು. ಮುಂದೆ 1992ರಲ್ಲಿ ನಬಾರ್ಡ್, ಎಂದರೆ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು, ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ಕೈಗೊಂಡಾಗ ಇಂಥ ಅನುಭವವೇ ಅದರ ಬೆನ್ನಿಗಿತ್ತು. ಇಂದು ಸ್ವಸಹಾಯ ಸಂಘ, ಸ್ತ್ರೀಶಕ್ತಿ ಗುಂಪು, ಸಂಜೀವಿನಿ ಸಂಘ ಎಂದು ನಾನಾ ಹೆಸರಿನಿಂದ ಕರೆಯುವ, ಹಳ್ಳಿಯ ಹೆಂಗಸರು ಸರಳವಾಗಿ ‘ಸಂಘ’ ಎನ್ನುವ ಕೂಟದ ಹಿನ್ನೆಲೆ ಇದು.

ಬ್ಯಾಂಕಿನ ಮುಂದೆ ಆಗ ಇದ್ದದ್ದು ಸರಳವಾದರೂ ಕಠಿಣವಾದ ಪ್ರಶ್ನೆ. ಪಹಣಿ ಇಲ್ಲದ, ಒತ್ತೆಗೆ ಬಂಗಾರವೂ ಇಲ್ಲದ ಹದಿನೈದು ಹೆಂಗಸರಿಗೆ ಯಾವುದನ್ನು ನಂಬಿ ಸಾಲ ಕೊಡಬೇಕು? ಇದಕ್ಕೆ ಸಿಕ್ಕ ಉತ್ತರವೇ ಶ್ರೇಣೀಕರಣ, ಎಂದರೆ ಸಂಘದ ನಡವಳಿಕೆಯನ್ನು ಪರೀಕ್ಷಿಸಿ ದರ್ಜೆ ಕೊಡುವುದು. ನಬಾರ್ಡ್ ಬ್ಯಾಂಕುಗಳಿಗೆ ಸೂಚಿಸಿದ ಪರೀಕ್ಷಾಪಟ್ಟಿಯಲ್ಲಿ ಸದಸ್ಯರ ಸಂಖ್ಯೆ, ತಿಂಗಳಿಗೆ ನಡೆಯುವ ಸಭೆಗಳು, ಹಾಜರಾತಿ, ಉಳಿತಾಯದ ಕ್ರಮ, ಉಳಿತಾಯದ ಹಣ ಒಳಸಾಲವಾಗಿ ತಿರುಗುತ್ತಿರುವ ಬಗೆ, ಮರುಪಾವತಿ, ಲೆಕ್ಕದ ಪುಸ್ತಕಗಳು, ಸಂಘದ ನಿಯಮಗಳು ಸದಸ್ಯರಿಗೆ ಎಷ್ಟರಮಟ್ಟಿಗೆ ಗೊತ್ತು ಎಂಬಂಥ ಅಂಶಗಳಿದ್ದು, ಒಂದೊಂದಕ್ಕೂ ಬಹಳ ಚೆನ್ನ, ಚೆನ್ನ, ತೃಪ್ತಿಕರವಲ್ಲ ಎಂಬ ಮೂರು ದರ್ಜೆಗಳಿದ್ದವು. ಹಾಜರಾತಿ ನೂರಕ್ಕೆ 90ಕ್ಕಿಂತ ಹೆಚ್ಚಿದ್ದರೆ ಬಹಳ ಚೆನ್ನ, 70ರಿಂದ 90ರ ನಡುವೆ ಇದ್ದರೆ ಚೆನ್ನ, ಅದಕ್ಕೂ ಕೆಳಗಿದ್ದರೆ ತೃಪ್ತಿಕರವಲ್ಲ; ಮರುಪಾವತಿಯನ್ನು ಅಳೆಯುವ ಬಗೆಯೂ ಇಂಥದೇ. ಪಟ್ಟಿಯಲ್ಲಿ ಎಲ್ಲಕ್ಕಿಂತ ಸ್ವಾರಸ್ಯವಾದ ಅಂಶ ಸಭೆಯ ಹೊತ್ತು: ಕೂಲಿಗೆ ಹೋಗುವವರು ಮನೆಗೆ ಮರಳಿದ ಮೇಲೆ, ಸಂಜೆ ಆರರ ನಂತರ ಸೇರುವ ಸಂಘಕ್ಕೆ ಹೆಚ್ಚಿನ ದರ್ಜೆ ಸಿಗುತ್ತಿತ್ತು. ಹಗಲು ಸಭೆ ಸೇರುವ ಸಂಘದಲ್ಲಿ ನಿಜವಾದ ಬಡವರು ಇರಲಾರರು ಎಂಬ ಊಹೆ ಇದರೊಳಗಿದೆ. ಪಟ್ಟಿಯನ್ನು ಬರೆದವರಿಗೆ ಹಳ್ಳಿಯ ದಿನಚರಿ ಗೊತ್ತಿತ್ತು ಎಂಬುದಕ್ಕೆ ಈ ಒಂದು ಅಂಶವೇ ಸಾಕು.

ಈಗಿನ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ, ಕರ್ನಾಟಕದಲ್ಲಿ ಸಂಜೀವಿನಿ ಎಂಬ ಹೆಸರಿನಿಂದ ನಡೆಯುತ್ತಿರುವುದು, ಈ ಪಟ್ಟಿಯ ಸಾರವನ್ನು ‘ಪಂಚಸೂತ್ರ’ವಾಗಿ ಹಿಡಿದಿಟ್ಟಿದೆ. ತಪ್ಪದ ಸಭೆ, ತಪ್ಪದ ಉಳಿತಾಯ, ತಪ್ಪದ ಒಳಸಾಲ, ಹೊತ್ತಿಗೆ ಸರಿಯಾದ ಮರುಪಾವತಿ, ಅಂದಂದಿನ ಲೆಕ್ಕ ಎಂಬ ಈ ಐದರಲ್ಲಿ ಸಂಘ ನಡೆದುಕೊಂಡ ಬಗೆಯೇ ಅದರ ಪತ್ತು. ಅಂಕ ಏರಿದಂತೆ ತೆರೆಯುವ ಮೆಟ್ಟಿಲುಗಳೂ ನಿಗದಿಯಾಗಿವೆ. ಕನಿಷ್ಠ ಆರು ತಿಂಗಳು ಚಟುವಟಿಕೆಯಿಂದಿದ್ದು, ಪಂಚಸೂತ್ರ ಪಾಲಿಸಿ, ನಬಾರ್ಡಿನ ಶ್ರೇಣೀಕರಣದಲ್ಲಿ ತೇರ್ಗಡೆಯಾದ ಸಂಘಕ್ಕೆ ಮೊದಲ ಸಲ ಅದರ ನಿಧಿಯ ಆರು ಪಟ್ಟು ಅಥವಾ 1.5 ಲಕ್ಷ ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಸಾಲ ದೊರೆಯಬಹುದು. ಅದನ್ನು ಸರಿಯಾಗಿ ತೀರಿಸಿದರೆ ಎರಡನೆಯ ಸಲ ನಿಧಿಯ ಎಂಟು ಪಟ್ಟು ಅಥವಾ 3 ಲಕ್ಷ. ಮೂರನೆಯ ಸಲ ಸಂಘವೇ ಸಿದ್ಧಪಡಿಸಿದ ಸಾಲ ಯೋಜನೆಯ ಆಧಾರದಲ್ಲಿ ಕನಿಷ್ಠ 6 ಲಕ್ಷ. ಹತ್ತು ಲಕ್ಷದವರೆಗಿನ ಸಾಲಕ್ಕೆ ಒತ್ತೆ ಕೇಳುವಂತಿಲ್ಲ. ಇನ್ನೊಂದು ನಿಯಮವನ್ನು ಇಲ್ಲಿ ಮರೆಯಬಾರದು: ನಿಂತುಹೋಗಿದ್ದ ಸಂಘವೊಂದು ಮತ್ತೆ ಎದ್ದು ಮೂರು ತಿಂಗಳು ಸರಿಯಾಗಿ ನಡೆದರೆ ಅದಕ್ಕೂ ಸಾಲದ ಅರ್ಹತೆ ಬರುತ್ತದೆ. ಕಳೆದುಕೊಂಡ ಪತ್ತನ್ನು ಮರಳಿ ಗಳಿಸಲು ಮೂರೇ ತಿಂಗಳು. ಇಷ್ಟು ಬೇಗ ಕ್ಷಮಿಸುವ ಅಂಕಪದ್ಧತಿ ಹಣಕಾಸಿನ ಲೋಕದಲ್ಲಿ ಅಪರೂಪ.

ಆದರೆ ಎಲ್ಲಿ ಅಂಕದಿಂದ ಲಾಭ ಇದೆಯೋ ಅಲ್ಲಿ ಅಂಕಕ್ಕಾಗಿಯೇ ನಡೆಯುವ ನಡತೆಯೂ ಹುಟ್ಟುತ್ತದೆ. ಪುಸ್ತಕ ಸರಿಯಾಗಿರಬೇಕು ಎಂಬ ನಿಯಮವಿದ್ದರೆ, ನಡೆಯದ ಸಭೆಗಳ ನಡಾವಳಿಯನ್ನು ಒಂದೇ ಕೂತಿನಲ್ಲಿ ಬರೆದು, ಹೆಬ್ಬೆಟ್ಟು ಒತ್ತಿಸಿ, ಪುಸ್ತಕವನ್ನು ಸರಿಮಾಡಿಬಿಡಬಹುದು. ಒಳಸಾಲ ತಿರುಗುತ್ತಿರಬೇಕು ಎಂಬ ನಿಯಮವಿದ್ದರೆ, ಬೇಡದವರ ಹೆಸರಿಗೂ ಸಾಲ ಬರೆದು ಮಾರನೆಯ ವಾರ ಜಮಾ ತೋರಿಸಬಹುದು. ಹೀಗಾಗಿಯೇ ಸಂಜೀವಿನಿಯಲ್ಲಿ ‘ಮುಖ್ಯ ಪುಸ್ತಕ ಬರಹಗಾರರು’ ಎಂಬ ಹುದ್ದೆ, ಸಂಘಗಳ ಮೇಲೆ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟ ಎಂಬ ಕಣ್ಣು, ಎರಡೂ ಇವೆ. ಇಷ್ಟೆಲ್ಲ ಆದರೂ ಸಂಘದ ಅಂಕಕ್ಕೆ ಒಂದು ಬಲ ಉಳಿದೇ ಇದೆ. ಕಂತು ಕಟ್ಟದ ಸದಸ್ಯೆಗೆ ಜ್ವರ ಬಂದಿತ್ತೋ, ಗಂಡ ದುಡ್ಡು ಕಿತ್ತುಕೊಂಡನೋ, ಅಥವಾ ಕೈಯಲ್ಲಿದ್ದೂ ಕಟ್ಟಲಿಲ್ಲವೋ ಎಂಬುದು ಉಳಿದ ಹದಿನಾಲ್ಕು ಮಂದಿಗೆ ತಿಳಿದಿರುತ್ತದೆ. ಕಟ್ಟಲಾರದವರನ್ನೂ ಕಟ್ಟಲೊಲ್ಲದವರನ್ನೂ ಬೇರ್ಪಡಿಸುವ ಈ ವಿವೇಕ ಮುಂದಿನ ಹಂತದ ಅಂಕಕ್ಕೆ ದಕ್ಕುವುದಿಲ್ಲ.

ಆ ಮುಂದಿನ ಹಂತವೇ ಸಿಬಿಲ್. 2000ದಲ್ಲಿ ಸ್ಥಾಪನೆಯಾದ ಕ್ರೆಡಿಟ್ ಇನ್ಫರ್ಮೇಷನ್ ಬ್ಯೂರೊ ಎಂಬ ಕಂಪನಿಯ ಮೊಟಕುಹೆಸರು ಅದು. ಈಗ ಅದು ಟ್ರಾನ್ಸ್‌ಯೂನಿಯನ್ ಸಿಬಿಲ್. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್ ಎಂಬ ಬೇರೆ ಮೂರು ಕಂಪನಿಗಳೂ ಇದೇ ಕೆಲಸ ಮಾಡುತ್ತವೆಯಾದರೂ ಜನರ ಬಾಯಲ್ಲಿ ಎಲ್ಲವೂ ಸಿಬಿಲ್ಲೇ, ‘ಸಿಬಿಲ್ ಹೋಗಿದೆ’ ಎಂದರೆ ಪತ್ತು ಕೆಟ್ಟಿದೆ ಎಂದೇ ಅರ್ಥ. 2005ರ ಕಾಯ್ದೆಯೊಂದು ಈ ಕಂಪನಿಗಳಿಗೆ ಚೌಕಟ್ಟು ಹಾಕಿದೆ. ಬ್ಯಾಂಕುಗಳು ತಮ್ಮ ಪ್ರತಿ ಸಾಲಗಾರರ ವಿವರವನ್ನು ಇವುಗಳಿಗೆ ಕಳಿಸುತ್ತವೆ. ತಿಂಗಳಿಗೊಮ್ಮೆ ಕಳಿಸುತ್ತಿದ್ದುದು 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆ ಎಂದಾಯಿತು. ಕಂತು ಎಷ್ಟು ದಿನ ತಡವಾಯಿತು, ಸಿಕ್ಕಿದ ಮಿತಿಯಲ್ಲಿ ಎಷ್ಟನ್ನು ಬಳಸಿಕೊಂಡಿದ್ದಾರೆ, ಸಾಲದ ಇತಿಹಾಸ ಎಷ್ಟು ಹಳೆಯದು, ಇತ್ತೀಚೆಗೆ ಎಷ್ಟು ಕಡೆ ಹೊಸ ಸಾಲ ಕೇಳಿದ್ದಾರೆ ಎಂಬುದನ್ನೆಲ್ಲ ಸೂತ್ರವೊಂದಕ್ಕೆ ಹಾಕಿ 300ರಿಂದ 900ರ ನಡುವಿನ ಒಂದು ಸಂಖ್ಯೆಯನ್ನು ತೆಗೆಯಲಾಗುತ್ತದೆ. ಇಲ್ಲಿ ಊರವರು ಯಾರೂ ಸಾಕ್ಷಿ ಹೇಳುವುದಿಲ್ಲ, ಅಂಕ ಕೊಟ್ಟವರಿಗೆ ಅದರ ಹೊಣೆಯೂ ಇಲ್ಲ. ಅದಕ್ಕೆ ಬದಲಾಗಿ ಅಂಗಡಿಯ ಉದ್ರಿಗೆ ಇಲ್ಲದ ಒಂದು ಗುಣ ಇದಕ್ಕಿದೆ: ಕುರುಗೋಡಿನಲ್ಲಿ ಗಳಿಸಿದ ಪತ್ತು ಬೆಂಗಳೂರಿನಲ್ಲೂ ನಡೆಯುತ್ತದೆ, ಮತ್ತು ಸಾಲ ಕೊಡುವವರಿಗೆ ಸಾಲಗಾರರ ಜಾತಿಯನ್ನೋ ಕೇರಿಯನ್ನೋ ವಿಚಾರಿಸುವ ನೆಪ ಇರುವುದಿಲ್ಲ.

ತಿಂಗಳ ಸಂಬಳದವರಿಗೆ ಹೊಂದುವಂತೆ ಹುಟ್ಟಿದ ಈ ಅಳತೆಗೋಲನ್ನು ಕಾಲುವೆಯ ಸೀಮೆಗೆ ತಂದಾಗ ಅದು ಅಲ್ಲಲ್ಲಿ ಸೊಟ್ಟಗಾಗುತ್ತದೆ. ಬೆಳೆಸಾಲಕ್ಕೆ ತಿಂಗಳ ಕಂತಿಲ್ಲ, ಫಸಲು ಬಂದ ಮೇಲೆ ಒಮ್ಮೆಗೇ ಕಟ್ಟಬೇಕು. ಬೇರೆ ಸಾಲಗಳು 90 ದಿನ ಬಾಕಿಯಾದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತವೆ, ಅಲ್ಪಾವಧಿ ಬೆಳೆಯ ಸಾಲಕ್ಕಾದರೋ ಎರಡು ಹಂಗಾಮುಗಳ ಅವಕಾಶವಿದೆ. ಹೊತ್ತಿಗೆ ಸರಿಯಾಗಿ ಕಟ್ಟಿದವರಿಗೆ ಬಹುಮಾನವೂ ಇದೆ: 3 ಲಕ್ಷದವರೆಗಿನ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲದ ಬಡ್ಡಿ ಶೇ 7 ಇದ್ದದ್ದು ಶೇ 4ಕ್ಕೆ ಇಳಿಯುತ್ತದೆ, ಸಹಕಾರ ಸಂಘಗಳ ಅಲ್ಪಾವಧಿ ಸಾಲಕ್ಕೆ ರಾಜ್ಯ ಸರ್ಕಾರದ ನೆರವಿನಿಂದ ಬಡ್ಡಿಯೇ ಇಲ್ಲ, ಅದರ ಮಿತಿ 2023-24ರ ಬಜೆಟ್ಟಿನಲ್ಲಿ 5 ಲಕ್ಷಕ್ಕೆ ಏರಿತು. ಗಡುವು ಮೀರಿದರೆ ಈ ಸೌಲಭ್ಯ ಇಲ್ಲ. ಹೀಗಾಗಿ ಗಡುವಿನ ವಾರದಲ್ಲಿ ಹಳ್ಳಿಗಳಲ್ಲಿ ಒಂದು ವಿಚಿತ್ರ ವಹಿವಾಟು ಕಾಣುತ್ತದೆ. ಕೈಯಲ್ಲಿ ಹಣವಿಲ್ಲದ ರೈತರು ಖಾಸಗಿಯವರ ಬಳಿ ನಾಲ್ಕೈದು ದಿನದ ಮಟ್ಟಿಗೆ ದುಬಾರಿ ಬಡ್ಡಿಗೆ ಕೈಸಾಲ ತಂದು, ಬ್ಯಾಂಕಿನ ಬಾಕಿಯನ್ನು ಕಟ್ಟಿ, ಕೂಡಲೇ ಹೊಸ ಸಾಲ ಎತ್ತಿ ಕೈಸಾಲವನ್ನು ತೀರಿಸುತ್ತಾರೆ. ಜನ ಇದನ್ನು ರಿನೀವಲ್ ಮಾಡಿಸುವುದು ಎನ್ನುತ್ತಾರೆ, ಕೆಲವೆಡೆ ಬುಕ್ ಅಡ್ಜಸ್ಟ್‌ಮೆಂಟ್ ಎಂಬ ಮಾತೂ ಉಂಟು. ಪುಸ್ತಕದಲ್ಲಿ ಇದು ಶುದ್ಧ ಮರುಪಾವತಿ, ಅಂಕಕ್ಕೆ ಏನೂ ಕುಂದಿಲ್ಲ. ರೈತರ ಸಾಲ ಮಾತ್ರ ಒಂದು ರೂಪಾಯಿಯೂ ಇಳಿದಿರುವುದಿಲ್ಲ, ಕೈಸಾಲದ ಬಡ್ಡಿಯಷ್ಟು ಏರಿರುತ್ತದೆ. ಅಂಕವನ್ನು ಉಳಿಸಿಕೊಳ್ಳಲು ತೆತ್ತ ಈ ಬಡ್ಡಿ ಅಂಕದ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ, ಏಕೆಂದರೆ ಕೈಸಾಲ ಕೊಟ್ಟವರು ಯಾವ ಕಂಪನಿಗೂ ವಿವರ ಕಳಿಸುವುದಿಲ್ಲ.

ಅಂಕದ ಕಣ್ಣಿಗೆ ಬೀಳದ ಇನ್ನೊಂದು ಸಂಗತಿ ನೀರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಗಿ, ತಾತ್ಕಾಲಿಕ ತಡೆ ಕೂಡಿಸುವವರೆಗೂ ದಿನಗಟ್ಟಲೆ ನೀರು ನದಿಗೆ ಹರಿಯಿತು. ಕಾಲುವೆಯನ್ನು ನೆಚ್ಚಿದ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಭಾಗದ ರೈತರೆಲ್ಲ ಬೆಳೆಯ ಚಿಂತೆಗೆ ಬಿದ್ದರು. ಜಲಾಶಯದ ಒಂದು ಗೇಟಿನ ಸರಪಳಿ ತುಂಡಾದರೆ ಅದರ ಪೆಟ್ಟು ಒಂದು ಸೀಮೆಯ ಸಾವಿರಾರು ಮಂದಿಯ ಮರುಪಾವತಿಗೆ ಒಟ್ಟಿಗೇ ತಗುಲಬಹುದು, ಆದರೆ ಸಾಲದ ವರದಿಯಲ್ಲಿ ಅದು ಒಬ್ಬೊಬ್ಬರ ಹೆಸರಿನ ಮುಂದೆ ಒಬ್ಬೊಬ್ಬರ ತಡವಾಗಿಯೇ ದಾಖಲಾಗುತ್ತದೆ. ಗುತ್ತಿಗೆಗೋ ಪಾಲಿಗೋ ಹೊಲ ಮಾಡುವವರ ಪಾಡು ಇನ್ನೂ ಬೇರೆ. ಪಹಣಿ ಅವರ ಹೆಸರಿನಲ್ಲಿಲ್ಲದ್ದರಿಂದ ಬೆಳೆಸಾಲ ಸಿಗುವುದು ಕಷ್ಟ, ಬ್ಯಾಂಕಿನ ಸಾಲವೇ ಇಲ್ಲದ್ದರಿಂದ ಅಂಕವೂ ಇಲ್ಲ. ಗೊಬ್ಬರದ ಅಂಗಡಿಯಲ್ಲಿ ಹದಿನೈದು ವರ್ಷ ತಪ್ಪದೆ ಲೆಕ್ಕ ಚುಕ್ತಾ ಮಾಡಿದ್ದರೂ ಸಿಬಿಲ್ ವರದಿಯಲ್ಲಿ ಅವರದು ‘ಇತಿಹಾಸವಿಲ್ಲ’ ಎಂಬ ಷರಾ.

ಬಡ ಹೆಂಗಸರ ಹೆಸರುಗಳು ಸಿಬಿಲ್‌ನಂಥ ಕಂಪನಿಗಳ ಕಡತಕ್ಕೆ ಸೇರಿದ್ದಕ್ಕೂ ಒಂದು ಕಥೆಯಿದೆ. 2010ರಲ್ಲಿ ನೆರೆಯ ಆಂಧ್ರಪ್ರದೇಶದಲ್ಲಿ ಒಂದೇ ಮನೆಗೆ ಹಲವು ಕಿರುಸಾಲ ಕಂಪನಿಗಳು ಸಾಲ ಕೊಟ್ಟು, ವಸೂಲಿಯ ಕಾಟ ವಿಪರೀತವಾಗಿ, ಅಕ್ಟೋಬರಿನಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಒಬ್ಬರಿಗೆ ಈಗಾಗಲೇ ಎಷ್ಟು ಸಾಲವಿದೆ ಎಂಬುದು ಸಾಲ ಕೊಡುವವರಿಗೆ ಗೊತ್ತಿರಬೇಕು ಎಂಬ ಪಾಠ ಅದರಿಂದ ಹುಟ್ಟಿ, ಮುಂದಿನ ವರ್ಷಗಳಲ್ಲಿ ಕಿರುಸಾಲದ ವಿವರಗಳೂ ಸಿಬಿಲ್‌ನಂಥ ಕಂಪನಿಗಳಿಗೆ ಹೋಗತೊಡಗಿದವು. 2016ರಲ್ಲಿ ರಿಸರ್ವ್ ಬ್ಯಾಂಕು, ಸ್ವಸಹಾಯ ಸಂಘದ ಸಾಲದಲ್ಲಿ ಒಬ್ಬೊಬ್ಬ ಸದಸ್ಯೆಯ ಪಾಲಿನ ವಿವರವನ್ನೂ ಕೊಡಬೇಕೆಂಬ ನಿರ್ದೇಶನವನ್ನು ಹೊರಡಿಸಿತು. ಅಂಕ ಇಲ್ಲಿ ಸಾಲಗಾರರನ್ನು ಕಾಯುವ ಬೇಲಿಯಾಗಬೇಕಿತ್ತು. 2022ರ ನಿಯಮಗಳ ಪ್ರಕಾರ ವಾರ್ಷಿಕ ಆದಾಯ 3 ಲಕ್ಷದೊಳಗಿನ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ಆದರೂ 2025ರ ಫೆಬ್ರುವರಿಯಲ್ಲಿ ಕರ್ನಾಟಕವೂ ಕಿರುಸಾಲ ವಸೂಲಿಯ ದಬ್ಬಾಳಿಕೆ ತಡೆಯಲು, ಹತ್ತು ವರ್ಷದವರೆಗಿನ ಸೆರೆಮನೆ ಶಿಕ್ಷೆಯನ್ನು ಒಳಗೊಂಡ ಸುಗ್ರೀವಾಜ್ಞೆಯನ್ನು ತರಬೇಕಾಯಿತೆಂದರೆ, ಬೇಲಿ ಇದ್ದೂ ಹೊಲ ಮೇಯಲ್ಪಟ್ಟಿತೆಂದೇ ಹೇಳಬೇಕು.

ಅದೇ ಫೆಬ್ರುವರಿಯ 1ರಂದು ಮಂಡನೆಯಾದ ಕೇಂದ್ರ ಬಜೆಟ್ಟಿನಲ್ಲಿ ‘ಗ್ರಾಮೀಣ ಕ್ರೆಡಿಟ್ ಸ್ಕೋರ್’ ಎಂಬ ಹೊಸ ಅಂಕದ ಘೋಷಣೆ ಬಂದಿತು. ಸ್ವಸಹಾಯ ಸಂಘದ ಸದಸ್ಯರೂ ಹಳ್ಳಿಯ ಇತರರೂ ಸಾಲಕ್ಕೆ ಬಂದಾಗ ಅವರ ಅಗತ್ಯಕ್ಕೆ ಹೊಂದುವಂತೆ ಪತ್ತನ್ನು ಅಳೆಯುವ ಚೌಕಟ್ಟೊಂದನ್ನು ಸರ್ಕಾರಿ ವಲಯದ ಬ್ಯಾಂಕುಗಳು ರೂಪಿಸಬೇಕೆಂಬುದು ಅದರ ಆಶಯ. ಬಳ್ಳಾರಿಗೆ ಈ ಸಂಗತಿ ದೂರದ್ದಲ್ಲ. 1976ರಲ್ಲಿ ಕೆನರಾ ಬ್ಯಾಂಕಿನ ಪ್ರಾಯೋಜಕತ್ವದಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ತುಂಗಭದ್ರಾ ಗ್ರಾಮೀಣ ಬ್ಯಾಂಕು, ಪ್ರಗತಿ, ಪ್ರಗತಿ ಕೃಷ್ಣ ಎಂದು ಹೆಸರು ಬದಲಿಸುತ್ತ ಬೆಳೆದು, 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕಿನೊಡನೆ ಸೇರಿ ಇಡೀ ರಾಜ್ಯಕ್ಕೆ ಒಂದೇ ಆದ ಕರ್ನಾಟಕ ಗ್ರಾಮೀಣ ಬ್ಯಾಂಕಾಗಿದೆ. ಅದರ ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಇದೆ. ಹೊಸ ಅಂಕದಲ್ಲಿ ಸಂಘದ ಸಭೆ, ಉಳಿತಾಯ, ಒಳಸಾಲಗಳ ಚರಿತ್ರೆಗೆ ತೂಕ ಸಿಕ್ಕರೆ ಇಷ್ಟು ದಿನ ನಡಾವಳಿ ಪುಸ್ತಕದಲ್ಲೇ ಉಳಿದಿದ್ದ ಪತ್ತು ಸಂಘದಾಚೆಗೂ ನಡೆಯುವ ನಾಣ್ಯವಾಗುತ್ತದೆ. ಆದರೆ ಸಂಘದೊಳಗೆ ಆಡಿದ ಮಾತು ಸಂಘದಾಚೆ ಶಾಶ್ವತವಾಗಿ ದಾಖಲಾಗುತ್ತದೆಂದು ತಿಳಿದ ಮೇಲೆ, ಗೆಳತಿಯ ಕಂತು ತಪ್ಪಿದ್ದನ್ನು ಬರೆಯುವ ಕೈ ಮೊದಲಿನಷ್ಟು ನೇರವಾಗಿ ಬರೆದೀತೇ? ಮೂರು ತಿಂಗಳಲ್ಲಿ ಕ್ಷಮಿಸುವ ಪುಸ್ತಕವನ್ನು ಕನಿಷ್ಠ ಏಳು ವರ್ಷ ಕಾಪಿಡುವ ಕಡತಕ್ಕೆ ಜೋಡಿಸುವಾಗ ಯಾವುದರ ಗುಣ ಯಾವುದಕ್ಕೆ ಅಂಟುತ್ತದೆ ಎಂಬುದೇ ಇಲ್ಲಿ ನೋಡಬೇಕಾದ ವಿಷಯ.

ಅಂಕ ತಪ್ಪಾಗಿದ್ದರೆ ತಿದ್ದಿಸಲು ದಾರಿ ಇದೆ. ಸಿಬಿಲ್‌ನಂಥ ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಅಂಕಸಹಿತ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ದೂರನ್ನು 30 ದಿನದೊಳಗೆ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ತೆರಬೇಕು. ತಪ್ಪುಗಳಲ್ಲಿ ಒಂದು ಬಗೆ ಹೆಸರಿನಿಂದ ಹುಟ್ಟುವಂಥದು. ಕಡತಗಳು ಹೆಸರು, ಹುಟ್ಟಿದ ದಿನ, ಪ್ಯಾನ್, ಫೋನ್ ನಂಬರುಗಳನ್ನು ತಾಳೆ ನೋಡಿ ಒಬ್ಬರನ್ನು ಗುರುತಿಸುತ್ತವೆ. ಪ್ಯಾನ್ ಇಲ್ಲದ, ಹುಟ್ಟಿದ ದಿನವನ್ನು ಅಂದಾಜಿನಲ್ಲಿ ಜನವರಿ 1 ಎಂದು ಬರೆಸಿದ, ಮನೆಗೆಲ್ಲ ಒಂದೇ ಫೋನ್ ಇರುವ ಕಡೆ ಈ ತಾಳೆ ಸಡಿಲವಾಗುತ್ತದೆ. ದೊಡ್ಡಬಸವೇಶ್ವರನ ಊರಾದ ಕುರುಗೋಡಿನ ಸುತ್ತ ಬಸವರಾಜ, ದೊಡ್ಡಬಸಪ್ಪ, ಬಸಮ್ಮ ಎಂಬ ಹೆಸರುಗಳು ಓಣಿಗೆ ಹಲವು. ಆಧಾರಿನಲ್ಲಿ ಬಸಮ್ಮ, ಪಾಸ್‌ಬುಕ್ಕಿನಲ್ಲಿ ಬಸವ್ವ ಎಂದಿದ್ದರೆ ಒಬ್ಬರೇ ಇಬ್ಬರಾಗಬಹುದು, ಇಬ್ಬರು ಬಸಮ್ಮಂದಿರ ಸಾಲ ಒಬ್ಬರ ಕಡತಕ್ಕೆ ಬೀಳಲೂಬಹುದು. ಸಂಘದ ಪುಸ್ತಕ ಬರೆಯುವವರಿಗೆ ಈ ತೊಡಕು ಬರುವುದಿಲ್ಲ. ಅವರು ಹೆಸರಿನ ಹಿಂದೆ ಗಂಡನ ಹೆಸರನ್ನೋ ಮನೆತನವನ್ನೋ ಓಣಿಯನ್ನೋ ಸೇರಿಸಿ ಬರೆದುಕೊಂಡಿರುತ್ತಾರೆ.